ನೀಲಗಿರಿ ಎಣ್ಣೆಯ ನಲವತ್ತೊಂದು ಹನಿ

ಆ ಎಣ್ಣೆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಹನಿಯಕ್ಕ ಎಂದೇ ಕರೆಯುತ್ತಿದ್ದರು. ಕಾರ್ಖಾನೆ ಎಂದ ಕೂಡಲೇ ಚಿಮಣಿ, ಸೈರನ್ನು ಎಂದೆಲ್ಲ ಊಹಿಸಿಕೊಳ್ಳಬೇಡಿ. ಹಿಂದುಗಡೆ ಶೆಡ್ಡಿನಲ್ಲಿ ಎರಡು ತಾಮ್ರದ ಭಟ್ಟಿ, ನಡುವಿನ ಕೋಣೆಯಲ್ಲಿ ಬಾಟಲಿ ತುಂಬುವ ಉದ್ದನೆಯ ಮೇಜು, ಮುಂದೆ ಬೀದಿಗೆ ತೆರೆದುಕೊಂಡ ಸಣ್ಣ ಅಂಗಡಿ. ಅಂಗಡಿಯ ಪಕ್ಕದಲ್ಲಿ ಬಾಗಿಲು ಸದಾ ಮುಚ್ಚಿಯೇ ಇರುವ ಇನ್ನೊಂದು ಕೋಣೆ. ಅದನ್ನು ಹದದ ಕೋಣೆ ಎನ್ನುತ್ತಿದ್ದರು. ಹೂವು, ಸೊಪ್ಪು, ಸಿಪ್ಪೆ, ಬೇರುಗಳಿಂದ ಇಳಿಸಿದ ಸುಗಂಧದ ಎಣ್ಣೆಗಳನ್ನು ಅಲ್ಲಿ ಒಂದಕ್ಕೊಂದು ಸೇರಿಸಿ, ಇದು ನಿದ್ದೆ ಬಾರದವರಿಗೆ, ಇದು ಓದುವವರಿಗೆ, ಇದು ತಲೆಭಾರಕ್ಕೆ ಎಂದು ಹದ ಮಾಡುತ್ತಿದ್ದವಳು ಹನಿಯಕ್ಕ. ಮೂವತ್ತು ವರ್ಷ ಆ ಕೋಣೆಯ ಕುರ್ಚಿಯಲ್ಲಿ ಬೇರೆ ಯಾರೂ ಕುಳಿತಿರಲಿಲ್ಲ.

ತೂಕ ಮಾಡಿ ಸುರಿಯುವ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು. ಆದರೆ ಗಿಡ ಯಂತ್ರವಲ್ಲವಲ್ಲ. ಹೋದ ವರ್ಷದ ಲ್ಯಾವೆಂಡರ್ ಈ ವರ್ಷ ಹಾಗೇ ಇರುವುದಿಲ್ಲ, ಬಿಸಿಲು ಹೆಚ್ಚಾದರೆ ಕಿತ್ತಳೆ ಸಿಪ್ಪೆಯ ಎಣ್ಣೆ ಬೇರೆಯೇ ರಾಗ ಎಳೆಯುತ್ತದೆ. ಆದ್ದರಿಂದ ಚೀಟಿಯಲ್ಲಿದ್ದ ತೂಕವೆಲ್ಲ ಮುಗಿದ ಮೇಲೆ, ಕೊನೆಯ ಕೆಲವು ಹನಿ ಮೂಗಿನ ತೀರ್ಮಾನ. ಲೋಟದಷ್ಟು ಮೂಲ ಮಿಶ್ರಣಕ್ಕೆ ಎಂಟು ಹನಿಯೋ ಒಂಬತ್ತು ಹನಿಯೋ ಎಂದು ಅರ್ಧ ಗಂಟೆ ಯೋಚಿಸುವವಳಿಗೆ ಇನ್ನೇನು ಹೆಸರು ಬರಬೇಕು?

ಅವಳು ಹತ್ತೊಂಬತ್ತನೇ ವಯಸ್ಸಿಗೆ ಅಲ್ಲಿಗೆ ಬಂದದ್ದು ಲೇಬಲ್ ಅಂಟಿಸಲು. ಮೂರನೇ ವರ್ಷ ಒಂದು ಬೆಳಿಗ್ಗೆ, ಹೊಸದಾಗಿ ಬಂದ ಪುದೀನ ಎಣ್ಣೆಯ ಡಬ್ಬದ ಪಕ್ಕದಲ್ಲಿ ಹಾದುಹೋಗುವಾಗ, "ಈ ಡಬ್ಬದಲ್ಲಿ ಮುಂಚೆ ಸೀಮೆಎಣ್ಣೆ ಇಟ್ಟಿದ್ರಾ?" ಎಂದು ಕೇಳಿದ್ದಳು. ಯಾರಿಗೂ ಏನೂ ಗೊತ್ತಾಗಿರಲಿಲ್ಲ. ವಿಚಾರಿಸಿದರೆ ಹೌದು, ವರ್ಷದ ಹಿಂದೆ ಇಟ್ಟಿದ್ದರಂತೆ. ಹಿರಿಯ ಯಜಮಾನರು ಆ ಮಧ್ಯಾಹ್ನವೇ ಅವಳ ಕೈಯಿಂದ ಗೋಂದಿನ ಡಬ್ಬಿ ಇಸಿದುಕೊಂಡು ಹದದ ಕೋಣೆಗೆ ಕರೆದೊಯ್ದರು. ಅಲ್ಲಿಯವರೆಗೆ ಯಾವುದರಲ್ಲೂ ಮೊದಲು ಬಾರದ ಹುಡುಗಿ ಆ ಕುರ್ಚಿಯಲ್ಲಿ ಕುಳಿತ ದಿನ ಮನೆಗೆ ಹೋಗಿ ಯಾರಿಗೂ ಹೇಳದೆ, ಕನ್ನಡಿಯ ಮುಂದೆ ನಿಂತು ತನ್ನ ಮೂಗನ್ನೇ ನೋಡಿಕೊಂಡಿದ್ದಳು.

ಕುರ್ಚಿಗೆ ಕಟ್ಟುಪಾಡುಗಳಿದ್ದವು. ಪೌಡರ್ ಇಲ್ಲ, ಪರಿಮಳದ ಸೋಪಿಲ್ಲ, ತಲೆಗೆ ಘಮಘಮ ಎಣ್ಣೆಯಿಲ್ಲ, ಮಧ್ಯಾಹ್ನದ ಊಟಕ್ಕೆ ಹಸಿ ಈರುಳ್ಳಿಯಿಲ್ಲ. ವಾಸನೆಯಿಲ್ಲದ ಬಟ್ಟೆಯನ್ನಷ್ಟೇ ತೊಟ್ಟು ಬರಬೇಕು. ಹಿರಿಯ ಯಜಮಾನರು ಕಲಿಸಿದ ಮುಖ್ಯ ಪಾಠ ಒಂದಿತ್ತು. ಏಳೆಂಟು ಎಣ್ಣೆ ಮೂಸಿದ ಮೇಲೆ ಮೂಗು ಸೋಲುತ್ತದೆ. ಆಗ ಮೊಣಕೈ ಮಡಿಸಿ, ಅದರ ಒಳಗೆ ಮುಖ ಹುದುಗಿಸಿ, ತನ್ನದೇ ಬಟ್ಟೆಯ ವಾಸನೆಯನ್ನು ಎರಡು ಸಲ ಎಳೆದುಕೊಳ್ಳಬೇಕು. "ತಕ್ಕಡಿಗೆ ಸೊನ್ನೆ ಇಲ್ವಾ? ಹಾಗೆ ಮೂಗಿಗೂ ಒಂದು ಸೊನ್ನೆ ಬೇಕಮ್ಮ. ನಿನ್ನ ತೋಳೇ ನಿನ್ನ ಸೊನ್ನೆ," ಎಂದಿದ್ದರು ಅವರು. ಹನಿಯಕ್ಕ ದಿನಕ್ಕೆ ಐವತ್ತು ಸಲವಾದರೂ ತೋಳಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಹೊಸಬರು ನೋಡಿದರೆ ಅಳುತ್ತಿದ್ದಾಳೆ ಎಂದುಕೊಳ್ಳಬೇಕು.

ಹಿರಿಯರು ಹೋದ ಮೇಲೆ ಮಗ ಯಜಮಾನನಾದ. ಒಳ್ಳೆಯವನೇ, ಆದರೆ ಹುಟ್ಟಾ ನೆಗಡಿ. ಸುಗಂಧದ ಎಣ್ಣೆ ಮಾರುವವನಿಗೆ ಮಲ್ಲಿಗೆಗೂ ಮೀನಿಗೂ ವ್ಯತ್ಯಾಸ ತಿಳಿಯದು. ಅದರ ಸೇಡೋ ಎಂಬಂತೆ ಲೇಬಲ್ಲಿನ ಮೇಲೆ ಧಾರಾಳವಾಗಿ ಬರೆಸುತ್ತಿದ್ದ: ಮನಸ್ಸಿಗೆ ಶಾಂತಿ, ಬುದ್ಧಿಗೆ ಚುರುಕು, ಚಿಂತೆಗೆ ವಿದಾಯ. ಹನಿಯಕ್ಕನಿಗೆ ಅದು ಹಿಡಿಸುತ್ತಿರಲಿಲ್ಲ. "ಅಷ್ಟೊಂದು ಶಕ್ತಿ ಇದ್ದಿದ್ರೆ ನಮ್ಮ ಯಜಮಾನ್ರಿಗೆ ಕೋಪಾನೇ ಬರ್ತಿರಲಿಲ್ಲ," ಎನ್ನುತ್ತಿದ್ದಳು. ಹಾಗೆಂದು ಅವಳು ಎಣ್ಣೆಯನ್ನು ನಂಬದವಳಲ್ಲ. ಪುದೀನ ಮೂಸಿದರೆ ತೂಕಡಿಕೆ ಒಂದು ಗಳಿಗೆ ಹಿಂದೆ ಸರಿಯುತ್ತದೆ, ಲ್ಯಾವೆಂಡರ್ ಇದ್ದ ಕೋಣೆಯಲ್ಲಿ ದನಿ ತಾನಾಗಿ ತಗ್ಗುತ್ತದೆ, ರೋಸ್‌ಮೆರಿಯ ಹತ್ತಿಯನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತರೆ ಕೂಡುವ ಲೆಕ್ಕ ತಪ್ಪುವುದು ಕಡಿಮೆ. ಇಷ್ಟನ್ನು ಅವಳು ಕಣ್ಣಾರೆ ಕಂಡಿದ್ದಳು. ಆದರೆ ಒಬ್ಬರಿಗೆ ಹಾಯೆನಿಸಿದ್ದು ಇನ್ನೊಬ್ಬರಿಗೆ ಸಂಕಟ ತಂದದ್ದನ್ನೂ ಕಂಡಿದ್ದಳು. ವಾಸನೆ ಮೊದಲು ನಮಗೆ ಎಲ್ಲಿ ಸಿಕ್ಕಿತ್ತೋ ಅಲ್ಲಿಗೇ ಎಳೆದುಕೊಂಡು ಹೋಗುತ್ತದೆ, ಅದಕ್ಕೆ ಲೇಬಲ್ ಓದಲು ಬರುವುದಿಲ್ಲ ಎಂಬುದು ಅವಳ ಅಭಿಪ್ರಾಯ.

ಅವಳ ಗಂಡ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದವನು. ಮನೆಯ ಕೆಳಗೇ ಅಂಗಡಿ. ತುಟಿಗಳ ನಡುವೆ ಒಂದು ಸ್ಕ್ರೂ ಕಚ್ಚಿಕೊಂಡು ಯಾರೇನು ಹೇಳಿದರೂ "ಹೂಂ" ಎನ್ನುವ ಮನುಷ್ಯ. ಹೆಂಡತಿಯ ಮೂಗಿಗಾಗಿ ಮದುವೆಯಾದ ವಾರದಲ್ಲೇ ಪರಿಮಳದ ಸೋಪು ಬಿಟ್ಟ, ಬೀಡಿ ಬಿಟ್ಟ. ಒಂದೇ ಒಂದು ಚಾಳಿ ಮಾತ್ರ ಬಿಡಲಿಲ್ಲ: ಯಂತ್ರಕ್ಕೆ ಎಣ್ಣೆ ಬಿಟ್ಟಾದ ಮೇಲೆ ಎಣ್ಣೆಕುಡಿಕೆಯ ಮೂತಿಯನ್ನು ಎಡಗೈ ತೋಳಿನ ಅಂಚಿಗೆ ಒರೆಸುವುದು. ಅವನ ಅಂಗಿ, ಸ್ವೆಟರುಗಳ ಎಡತೋಳಿನ ಅಂಚೆಲ್ಲ ಕಪ್ಪು. "ಚಿಂದಿ ಬಟ್ಟೆ ಪಕ್ಕದಲ್ಲೇ ಇದೆಯಲ್ಲ, ಅದಕ್ಕೆ ಒರೆಸಿದ್ರೆ ಕೈ ಸವೆಯುತ್ತಾ?" ಎಂದು ಇಪ್ಪತ್ತಾರು ವರ್ಷ ಬೈದಳು. "ಹೂಂ," ಎನ್ನುತ್ತಿದ್ದ. ಮಕ್ಕಳಿರಲಿಲ್ಲ. ಮೇಲಿನ ಮಹಡಿಯಲ್ಲಿ ಅವನ ತಂಗಿ, ಎಂದರೆ ಹನಿಯಕ್ಕನ ನಾದಿನಿ, ಬಟ್ಟೆಗಳಿಗೆ ಕಾಜಾ ಗುಂಡಿ ಹಾಕಿಕೊಂಡು ಒಬ್ಬಳೇ ಇದ್ದಳು. ಮೂವರೂ ಸಂಜೆ ಒಟ್ಟಿಗೆ ಕುಳಿತು ಟೀ ಕುಡಿಯುತ್ತಿದ್ದರು, ಸಂಸಾರ ಎಂದರೆ ಅಷ್ಟೇ.

ಆಮೇಲೆ ಅವನ ಶ್ವಾಸಕೋಶ ಕೆಟ್ಟಿತು. ಹನ್ನೊಂದು ತಿಂಗಳು ಮಲಗಿದ. ಔಷಧಿ ವೈದ್ಯರು ಕೊಟ್ಟದ್ದು; ಅದರ ಜೊತೆಗೆ ಎದೆಗೆ, ಬೆನ್ನಿಗೆ ನೀಲಗಿರಿ ಎಣ್ಣೆ ತಿಕ್ಕುವುದು ಹನಿಯಕ್ಕನ ಪಾಲಿಗೆ ಬಂತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಅದಕ್ಕಾಗಿ ಅವಳು ರಜೆ ಹಾಕಿದ್ದಳು; ಕಾರ್ಖಾನೆಯಲ್ಲಿ ಅವಳು ಮೊದಲೇ ಹದ ಮಾಡಿಟ್ಟಿದ್ದ ಮಿಶ್ರಣಗಳಿಂದಲೇ ಸುಧಾರಿಸಿಕೊಂಡರು. ಎಣ್ಣೆಯಿಂದ ಗುಣವಾಗುವ ಕಾಯಿಲೆ ಅಲ್ಲವೆಂದು ಅವಳಿಗೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಆದರೂ ತಿಕ್ಕಿದ ಮೇಲೆ ಅವನು ಕಣ್ಣು ಮುಚ್ಚಿ ಒಂದು ಉಸಿರನ್ನು ಪೂರ್ತಿಯಾಗಿ ಎಳೆದುಕೊಳ್ಳುತ್ತಿದ್ದ. ಆ ಒಂದು ಉಸಿರಿಗಾಗಿ ಅವಳು ತಿಕ್ಕಿದಳು. ಅವನಿಗೆ ಸದಾ ಚಳಿ; ಬೂದಿ ಬಣ್ಣದ ಹಳೆಯ ಉಣ್ಣೆಯ ಸ್ವೆಟರು ಮೈಮೇಲಿಂದ ಇಳಿಯಲೇ ಇಲ್ಲ. ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ, ಅವಳು ದಿಂಬು ಕೊಡವಲು ಈ ಕಡೆ ತಿರುಗಿದ್ದಾಗ, ಅವನು ಹೋಗಿಬಿಟ್ಟ.

ಆ ಸ್ವೆಟರನ್ನು ಅವಳು ಒಗೆಯಲಿಲ್ಲ. ದಿಂಬಿನ ಕೆಳಗಿಟ್ಟುಕೊಂಡು ಮಲಗಿದಳು. ಒಂದು ತಿಂಗಳಾದ ಮೇಲೆ, ಭಾನುವಾರ ಮಧ್ಯಾಹ್ನ ಯಾರೂ ಇಲ್ಲದಾಗ, ಅದನ್ನು ತೊಡೆಯ ಮೇಲೆ ಹರಡಿಕೊಂಡು, ಕೋಣೆಯಲ್ಲಿ ಕುಳಿತು ಎಣ್ಣೆ ಮೂಸುವಷ್ಟೇ ಶ್ರದ್ಧೆಯಿಂದ ಮೂಸಿದಳು. ಕೊರಳು, ಎದೆ, ಕಂಕುಳು, ಎರಡೂ ತೋಳು. ಏನೂ ಇರಲಿಲ್ಲ. ಬಾಯಾರಿದವಳು ಕೊಡ ಬಗ್ಗಿಸಿದರೆ ಒಂದು ತೊಟ್ಟೂ ಬಾರದಂತಾಯಿತು. ಊರಿನ ವಾಸನೆಗಳನ್ನೆಲ್ಲ ಹಿಡಿದ ಮೂಗಿಗೆ ಗಂಡನ ವಾಸನೆ ಇಷ್ಟು ಬೇಗ ಕಳೆದುಹೋಯಿತಲ್ಲ ಎಂದು ಅವಳು ಆ ದಿನ, ಅವನು ಹೋದ ದಿನಕ್ಕಿಂತ ಹೆಚ್ಚು ಅತ್ತಳು.

ಮರುದಿನದಿಂದ ಅದನ್ನೇ ತೊಟ್ಟುಕೊಂಡು ಮರಳಿ ಕೆಲಸಕ್ಕೆ ಹೋದಳು. ಚಳಿಗಾಲ. ಕಟ್ಟುಪಾಡಿಗೆ ವಿರುದ್ಧವೂ ಅಲ್ಲ. ವಾಸನೆಯಿಲ್ಲದ ಬಟ್ಟೆ ಅಲ್ಲವೇ, ತಾನೇ ಪರೀಕ್ಷೆ ಮಾಡಿದ್ದಾಗಿತ್ತು.

"ಅತ್ತಿಗೆ, ಅದನ್ನ ಒಂದ್ಸಲ ನೀರಿಗಾದ್ರೂ ಹಾಕಿ. ವಾಸನೆ ಹೊಡೀತಿದೆ," ಎಂದಳು ನಾದಿನಿ.

"ಇದರಲ್ಲಿ ಏನೂ ಇಲ್ಲ. ಮೂಗಿನ ವಿಷಯದಲ್ಲಿ ನೀನು ನನಗೆ ಹೇಳಿಕೊಡ್ತೀಯಾ?"

ನಾದಿನಿ ಸೂಜಿಗೆ ದಾರ ಪೋಣಿಸತೊಡಗಿದಳು. ಅಣ್ಣನನ್ನು ಕಳೆದುಕೊಂಡವಳು ಅವಳೂ ಅಲ್ಲವೇ, ಅತ್ತಿಗೆಯ ಮಾತಿನ ಮೊನೆಯನ್ನು ಹೊಟ್ಟೆಗೆ ಹಾಕಿಕೊಂಡಳು.

ಪೇಟೆಯ ಆಚೆಗಿದ್ದ ಒಂದು ಆಸ್ಪತ್ರೆಗೆ ಹನಿಯಕ್ಕನ ಕೈಯ 'ನೆಮ್ಮದಿ' ಎಂಬ ಮಿಶ್ರಣ ವರ್ಷಗಳಿಂದ ಹೋಗುತ್ತಿತ್ತು. ಆಪರೇಷನ್ ಆಗಿ ಚೇತರಿಸಿಕೊಳ್ಳುವವರ ವಾರ್ಡಿನಲ್ಲಿ, ಸಂಜೆ ಬೇಸರ ಕವಿಯುವ ಹೊತ್ತಿಗೆ, ಹೆಡ್ ನರ್ಸು ದಿಂಬಿನ ಪಕ್ಕದ ಹತ್ತಿಗೆ ಎರಡೆರಡು ಹನಿ ಹಾಕಿ ಹೋಗುತ್ತಿದ್ದರು. ಲ್ಯಾವೆಂಡರ್, ಕಿತ್ತಳೆ ಸಿಪ್ಪೆ, ಅಡಿಯಲ್ಲಿ ಒಂದಿಷ್ಟು ಲಾವಂಚ, ಕೊನೆಗೆ ಉಸಿರು ಹಗುರಾಗಲೆಂದು ನೀಲಗಿರಿ ಎಂಟೋ ಹತ್ತೋ ಹನಿ. ಹನ್ನೆರಡು ದಾಟಿದ್ದೇ ಇಲ್ಲ.

ಕೆಲಸಕ್ಕೆ ಮರಳಿದ ಆ ತಿಂಗಳು ಹತ್ತು ಹನಿ ಹಾಕಿ ಕಾಗದದ ಪಟ್ಟಿ ಅದ್ದಿ ಮೂಸಿದಳು. ನೀಲಗಿರಿ ಇರಲೇ ಇಲ್ಲ. ಸ್ವೆಟರಿನ ತೋಳಿನಲ್ಲಿ ಮುಖ ಹುದುಗಿಸಿ, ಎರಡು ಉಸಿರು ಎಳೆದು, ಮತ್ತೆ ಮೂಸಿದಳು. ಇಲ್ಲ. ಇನ್ನೂ ಐದು ಹನಿ. ಮತ್ತೆ ತೋಳು. ಇನ್ನೂ ಐದು. ಅಂತೂ ಎಲ್ಲೋ ದೂರದಲ್ಲಿ ಅದರ ಸುಳಿವು ಸಿಕ್ಕಾಗ ಲೆಕ್ಕ ನಲವತ್ತೊಂದಕ್ಕೆ ಬಂದಿತ್ತು. ಅವಳು ಕಳ್ಳತನ ಮಾಡುವವಳಲ್ಲ; ಚೀಟಿಯ ಮೇಲೆ ನಲವತ್ತೊಂದು ಎಂದೇ ಬರೆದು, ಕೆಳಗೆ 'ಈ ಸಲದ ನೀಲಗಿರಿ ತೀರಾ ಸಪ್ಪೆ' ಎಂದು ಸೇರಿಸಿದಳು.

ಆ ಎರಡು ಪದಗಳು ಹೋಗಿ ತಾಗಿದ್ದು ಭಟ್ಟಿಯವನಿಗೆ. ಹಿಂದಿನ ಶೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ಎಣ್ಣೆ ಇಳಿಸುತ್ತಿದ್ದ ಮನುಷ್ಯ ಅವನು. ಭಟ್ಟಿ ಕೆಲಸ ಎಂದು ಕೇಳಿ ಸಾರಾಯಿ ಎಂದುಕೊಂಡ ಮಾವ ಹೆಣ್ಣು ಕೊಡಲು ಆರು ತಿಂಗಳು ಸತಾಯಿಸಿದ್ದನ್ನು ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದವನು. ಯಜಮಾನ ಚೀಟಿ ಹಿಡಿದುಕೊಂಡು ಹೋಗಿ, ಸೊಪ್ಪನ್ನು ಸರಿಯಾಗಿ ಬೇಯಿಸದೆ ಇಳಿಸಿದ್ದಾನೆಂದು ಅವನಿಗೆ ಎಲ್ಲರೆದುರು ಬೈದ. ಅವನ ಡ್ರಮ್ಮನ್ನು ಮೂಲೆಗೆ ತಳ್ಳಿಸಿ ಹೊರಗಿನಿಂದ ನೀಲಗಿರಿ ಎಣ್ಣೆ ತರಿಸಿದ. ಭಟ್ಟಿಯವನು ಹನಿಯಕ್ಕನ ಬಾಗಿಲಿಗೆ ಬಂದು ಒಂದೇ ಮಾತು ಕೇಳಿದ.

"ಅಕ್ಕ, ಅದು ನಿಜವಾಗ್ಲೂ ಸಪ್ಪೆ ಇತ್ತಾ?"

"ನನ್ನ ಮೂಗು ಸುಳ್ಳು ಹೇಳಲ್ಲಪ್ಪ."

ಅವನು ತಲೆಯಾಡಿಸಿ ಹೋದ. ಅಂದಿನಿಂದ ಟೀ ಹೊತ್ತಿಗೆ ಅವಳ ಪಕ್ಕದಲ್ಲಿ ಕೂರುವುದನ್ನು ಬಿಟ್ಟ. ಹೊರಗಿನ ಎಣ್ಣೆಯಿಂದ ಮಾಡಿದ ಮುಂದಿನ ಮಿಶ್ರಣಕ್ಕೆ ಅವಳು ಹಾಕಿದ್ದು ನಲವತ್ತಮೂರು ಹನಿ. ಆಗಲೂ ಅವಳಿಗೆ ಅನುಮಾನ ಬರಲಿಲ್ಲ ಎಂದರೆ ನಂಬಬೇಕು. ಮೂವತ್ತು ವರ್ಷ ತಪ್ಪದ ಮೂಗನ್ನು ಅನುಮಾನಿಸುವುದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ.

ಹದಿನೈದು ದಿನಕ್ಕೆ ಹೆಡ್ ನರ್ಸು ತಾವೇ ಬಂದರು. ಕೈಚೀಲದಲ್ಲಿ ಎರಡೂ ಸಲದ ಬಾಟಲಿಗಳಿದ್ದವು. ಯಜಮಾನ ಅವರನ್ನು ಹದದ ಕೋಣೆಗೇ ಕರೆತಂದ, ಮುಖ ಬಿಳುಪೇರಿತ್ತು. ದೊಡ್ಡ ಗಿರಾಕಿ ಕೈತಪ್ಪುವ ಭಯ ಅವನ ನೆಗಡಿಯನ್ನೂ ಒಂದು ಗಳಿಗೆ ನಿಲ್ಲಿಸಿತ್ತು.

"ನಿಮ್ಮ ಎಣ್ಣೆಗೆ ಏನಾಗಿದೆಯಮ್ಮ?" ಎಂದರು ನರ್ಸು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಮುಂಚೆ ಇದನ್ನ ಹಾಕಿದ್ರೆ ವಾರ್ಡು ಮನೆ ತರ ಆಗ್ತಿತ್ತು. ಈಗ ಹಾಕಿದ್ರೆ ಆಸ್ಪತ್ರೆ ಇನ್ನಷ್ಟು ಆಸ್ಪತ್ರೆ ಆಗುತ್ತೆ. ಒಬ್ಬರು ಮೂಸಿ ಗೋಡೆ ಕಡೆ ತಿರುಗಿಕೊಂಡ್ರು. ಇನ್ನೊಬ್ಬರು, ಪಕ್ಕದ ಮಂಚದವರಿಗೆ ಕಾಯಿಲೆ ಜೋರಾಗಿದೆಯಾ ಅಂತ ಕೇಳಿದ್ರು. ನಿದ್ದೆ ಬರೋದಿರಲಿ, ಎಲ್ಲರೂ ಕಣ್ಣು ಬಿಟ್ಟುಕೊಂಡು ಕೂತಿರ್ತಾರೆ."

ಯಜಮಾನ ಅವಳತ್ತ ತಿರುಗಿದ. "ಅಕ್ಕ, ನೀವು ನಮ್ಮಪ್ಪನ ಕಾಲದವರು. ಬಾಯಿಬಿಟ್ಟು ಕೇಳೋಕೆ ನನಗೇ ಸಂಕಟ. ಮೂಗು ಹೋಗಿದ್ರೆ ಹೇಳಿಬಿಡಿ. ಲೇಬಲ್ ಮೇಜಿನಲ್ಲಿ ನಿಮಗೆ ಜಾಗ ಇದ್ದೇ ಇದೆ. ಮಿಶ್ರಣ ಹೊರಗಡೆ ಮಾಡಿಸ್ತೀನಿ."

ಲೇಬಲ್ ಮೇಜು. ಹತ್ತೊಂಬತ್ತನೇ ವಯಸ್ಸಿನ ಗೋಂದಿನ ಡಬ್ಬಿ. ಗಂಡನಿಲ್ಲ, ಮಕ್ಕಳಿಲ್ಲ, ತನ್ನದು ಎಂದು ಉಳಿದದ್ದು ಈ ಮೂಗು ಒಂದೇ. ಅದೂ ಹೋದರೆ ತಾನು ಯಾರು? ಅವಳು ಬಾಟಲಿ ತೆರೆದು, ಪಟ್ಟಿ ಅದ್ದಿ ಮೂಸಿದಳು. ಅಭ್ಯಾಸಬಲದಿಂದ ಮೊಣಕೈ ಮಡಿಸಿ ತೋಳಿಗೆ ಮುಖವಿಟ್ಟಳು.

ನರ್ಸು ಕುರ್ಚಿಯನ್ನು ಎಳೆದುಕೊಂಡು ಹತ್ತಿರ ಬಂದರು. ಸ್ವಲ್ಪ ಬಗ್ಗಿದರು.

"ಅಮ್ಮ, ಬಾಟ್ಲಿಗಿಂತ ಜಾಸ್ತಿ ನಿಮ್ಮ ಸ್ವೆಟರಿಂದಾನೇ ಬರ್ತಿದೆಯಲ್ಲ."

"ಏನು ಬರ್ತಿದೆ?"

"ನೀಲಗಿರಿ ಎಣ್ಣೆ. ಮನೇಲಿ ಯಾರಿಗೆ ತಿಕ್ತಿದ್ರಿ? ಇದು ಒಂದೆರಡು ದಿನದ್ದಲ್ಲ, ತಿಂಗಳುಗಟ್ಟಲೆ ಮಲಗಿದವರ ವಾಸನೆ. ಮೂವತ್ತು ಮಂಚಗಳ ನಡುವೆ ಓಡಾಡೋಳು ನಾನು, ನನಗೆ ಗೊತ್ತಾಗುತ್ತೆ."

ಹನಿಯಕ್ಕ ಸ್ವೆಟರಿನ ಎದೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅವಳಿಗೆ ಮೊದಲು ಬಂದದ್ದು ನಾಚಿಕೆಯಲ್ಲ; ಸಂತೋಷ. ಮುಚ್ಚುಮರೆ ಯಾಕೆ, ಎದೆ ಬಿರಿಯುವಂಥ ಸಂತೋಷ. ಹೋಗಿಲ್ಲ, ಇದರಲ್ಲಿ ಇನ್ನೂ ಇದೆ, ತನಗೆ ತಿಳಿಯುತ್ತಿಲ್ಲ ಅಷ್ಟೇ. ಆಮೇಲೆ ಒಂದೊಂದಾಗಿ ಎಲ್ಲ ಅರ್ಥವಾಯಿತು. ಹನ್ನೊಂದು ತಿಂಗಳು ಅದರಲ್ಲೇ ಮುಳುಗಿದ್ದ ಮೂಗು ಅದನ್ನು ಗುರುತಿಸುವುದನ್ನೇ ನಿಲ್ಲಿಸಿತ್ತು. ಸದಾ ಜೊತೆಗಿರುವುದನ್ನು ಮೂಗು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಇದು ಈ ಕಸುಬಿನ ಮೊದಲ ಪಾಠ. ಕುರುಡಾದ ಮೂಗಿನಿಂದಲೇ ಸ್ವೆಟರನ್ನು ಪರೀಕ್ಷಿಸಿ ಪಾಸು ಮಾಡಿದ್ದಳು, ಆ ತೋಳನ್ನೇ ಸೊನ್ನೆ ಮಾಡಿಕೊಂಡಿದ್ದಳು. ಸೊನ್ನೆಯೇ ಜಾರಿದ ಮೇಲೆ ತಕ್ಕಡಿ ಏನು ಮಾಡೀತು. ಕಾಯಿಲೆಯವರ ದಿಂಬಿನ ಪಕ್ಕಕ್ಕೆ ತನ್ನ ಮನೆಯ ಕಾಯಿಲೆಯನ್ನೇ ಬಾಟಲಿಯಲ್ಲಿ ತುಂಬಿ ಕಳಿಸಿದ್ದಳು.

"ನಮ್ಮ ಮನೆಯವರಿಗೆ," ಎಂದಳು. "ಹೋಗಿಬಿಟ್ರು."

ನರ್ಸು ತೆರೆದಿದ್ದ ಬಾಟಲಿಗೆ ಮುಚ್ಚಳ ಹಾಕಿದರು. ಆಮೇಲೆ ಯಜಮಾನನಿಗೆ, "ಈ ಸೋಮವಾರ ಬಿಟ್ಟು ಮುಂದಿನ ಸೋಮವಾರ ಬರ್ತೀನಿ. ಇವರ ಕೈಯಿಂದಾನೇ ಮಾಡಿಸಿಡಿ. ಸರಿ ಇದ್ರೆ ತಗೊಂಡು ಹೋಗ್ತೀನಿ, ಇಲ್ದಿದ್ರೆ ಬೇರೆ ಕಡೆ ನೋಡ್ಕೋತೀನಿ," ಎಂದು ಎದ್ದರು. ಅದಕ್ಕೆ ಹತ್ತು ದಿನ ಉಳಿದಿತ್ತು.

ಅವಳು ಮೊದಲು ಹೋದದ್ದು ಹಿಂದಿನ ಶೆಡ್ಡಿಗೆ. ಭಟ್ಟಿಯವನು ಬೂದಿ ತೆಗೆಯುತ್ತಿದ್ದ.

"ನಿನ್ನ ಎಣ್ಣೆ ಸಪ್ಪೆ ಇರಲಿಲ್ಲ ಕಣಪ್ಪ. ನಾನೇ ಸಪ್ಪೆ ಆಗಿದ್ದೆ. ಎಲ್ಲರ ಮುಂದೆ ನಿನಗೆ ಬೈಸಿದೆ, ಎಲ್ಲರ ಮುಂದೇನೇ ಹೇಳ್ತೀನಿ."

ಹೇಳಿದ ಹಾಗೆಯೇ, ಟೀ ಹೊತ್ತಿಗೆ ಬಾಟಲಿ ಮೇಜಿನ ಬಳಿ ಎಲ್ಲರೂ ಸೇರಿದಾಗ ನಿಂತುಕೊಂಡೇ ಹೇಳಿದಳು. ಯಜಮಾನ ಮೂಗೊರೆಸಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದ. ಭಟ್ಟಿಯವನು ತನ್ನ ಲೋಟ ತೆಗೆದುಕೊಂಡು ಬಂದು ಅವಳ ಪಕ್ಕದಲ್ಲಿ ಕುಳಿತ. "ನನಗೆ ವಾಸನೆ ಬರ್ತಿತ್ತು ಅಕ್ಕ. ನಿಮ್ಮ ಕೋಣೇಲಿ ಯಾವಾಗ್ಲೂ ಏನೋ ಒಂದು ಬರ್ತಿರುತ್ತಲ್ಲ, ಅದೇ ಅಂದ್ಕೊಂಡಿದ್ದೆ," ಎಂದ. ಆಮೇಲೆ ಗೋದಾಮಿನಿಂದ ಬಿಗಿಯಾದ ಮುಚ್ಚಳದ, ಅಗಲ ಬಾಯಿಯ ಗಾಜಿನ ಜಾಡಿಯೊಂದನ್ನು ತಂದು ಅವಳ ಮುಂದಿಟ್ಟ. ಯಾತಕ್ಕೆಂದು ಇಬ್ಬರೂ ಹೇಳಬೇಕಾಗಿರಲಿಲ್ಲ.

ಅಂದು ಸಂಜೆ ಸ್ವೆಟರನ್ನು ಮಡಿಸಿ ಜಾಡಿಗೆ ಹಾಕಿ ಮುಚ್ಚಿದಳು. ನಾದಿನಿ ಕೆಳಗೆ ಬಂದು, ಹೇಳಿದ್ದಕ್ಕೆಲ್ಲ ಕಿವಿಗೊಟ್ಟು, ನಾನು ಆವತ್ತೇ ಹೇಳಿದ್ದೆ ಎಂಬ ಮಾತನ್ನು ನಾಲಿಗೆಯ ತುದಿಯಲ್ಲೇ ತಡೆದುಕೊಂಡಳು. ಕೌದಿ, ದಿಂಬು, ಪರದೆಗಳನ್ನೆಲ್ಲ ಒಗೆಯಲು ಹೊತ್ತೊಯ್ದಳು, ಕಿಟಕಿಗಳನ್ನು ತೆರೆದಳು, ಅತ್ತಿಗೆಗೆ ಮೇಲೆ ತನ್ನ ಕೋಣೆಯಲ್ಲೇ ಹಾಸಿಗೆ ಹಾಕಿದಳು. ಹನಿಯಕ್ಕ ಆ ಹತ್ತು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತನ್ನ ಮೂಗನ್ನೇ ಕಾದಳು. ಬೆಳಿಗ್ಗೆ ಭಟ್ಟಿಯವನು ಐದು ಪಟ್ಟಿಗಳನ್ನು ಅದ್ದಿ, ಬೆನ್ನ ಹಿಂದೆ ಹಿಡಿದುಕೊಂಡು ಬರುತ್ತಿದ್ದ. ಪುದೀನ, ಲಾವಂಚ, ನಿಂಬೆಹುಲ್ಲು, ಲ್ಯಾವೆಂಡರ್. ನಾಲ್ಕನ್ನು ತಟ್ಟನೆ ಹೇಳುತ್ತಿದ್ದಳು. ಐದನೆಯದು ನೀಲಗಿರಿ; ಅವಳಿಗೆ ಬರೀ ಕಾಗದ. ಮೂರನೇ ದಿನವೂ ಕಾಗದ, ಐದನೇ ದಿನವೂ ಕಾಗದ. ಆರನೇ ದಿನ ಅವಳು ಲೇಬಲ್ ಮೇಜಿನ ಖಾಲಿ ಸ್ಟೂಲನ್ನು ಹೋಗಿ ನೋಡಿಬಂದಳು. ಎಂಟನೇ ದಿನ ಐದನೇ ಪಟ್ಟಿಯನ್ನು ಮೂಗಿನ ಹತ್ತಿರ ತಂದಾಗ ಕಣ್ಣಿನ ಹಿಂದೆ ಎಲ್ಲೋ ತಣ್ಣಗಿನ ಗಾಳಿ ಸುಳಿಯಿತು.

"ಬಂತು," ಎಂದಳು.

ಭಟ್ಟಿಯವನು ಪಟ್ಟಿಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿ ಶೆಡ್ಡಿಗೆ ಹೋದ. ಅವನಿಗೂ ಕಣ್ಣು ಒರೆಸಿಕೊಳ್ಳಲು ಒಂದು ಜಾಗ ಬೇಕಲ್ಲ.

ಸೋಮವಾರದ ಮಿಶ್ರಣಕ್ಕೆ ಮೂಲೆಗೆ ತಳ್ಳಿದ್ದ ಆ ಡ್ರಮ್ಮಿನ ಎಣ್ಣೆಯನ್ನೇ ತರಿಸಿದಳು. ಒಂಬತ್ತು ಹನಿ. ನರ್ಸು ಪಟ್ಟಿಯನ್ನು ಮೂಸಿ, ಮತ್ತೊಮ್ಮೆ ಮೂಸಿ, ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಹಾಗೇ ಎರಡು ನಿಮಿಷ ಕುಳಿತಿದ್ದರು. ಆಮೇಲೆ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಕುರ್ಚಿ ಉಳಿಯಿತು.

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಜಾಡಿ ಇನ್ನೂ ಮುಚ್ಚೇ ಇತ್ತಲ್ಲ.

ಅಂದು ಮನೆಗೆ ಬಂದು, ಕೈಕಾಲು ತೊಳೆದು, ಬಾಗಿಲು ಹಾಕಿಕೊಂಡು ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಮೂಗು ಬಂದಿದೆ, ಈಗ ಅವನು ಸಿಗುತ್ತಾನೆ ಎಂಬ ಆಸೆಯಿಂದ ಮುಚ್ಚಳ ತೆರೆದಳು. ನೀಲಗಿರಿ ಮುಖಕ್ಕೆ ರಪ್ಪನೆ ಹೊಡೆಯಿತು. ಅದರ ಹಿಂದೆಯೇ ಕೆಮ್ಮು ಬಂತು, ಉಗುಳುವ ಬಟ್ಟಲು ಬಂತು, ಮೂಳೆಯೆದ್ದ ಬೆನ್ನು ಬಂತು, ನೀರು ಬೇಡವೆಂದು ತಲೆಯಾಡಿಸುವ ಒಣ ತುಟಿ ಬಂತು. ಅವಳು ಮುಚ್ಚಳ ಒತ್ತಿ ಗೋಡೆಯ ಕಡೆ ತಿರುಗಿಕೊಂಡಳು. ಇಪ್ಪತ್ತಾರು ವರ್ಷ ಜೊತೆಗಿದ್ದವನು ಅದರೊಳಗೆ ಇರಲಿಲ್ಲ. ಇದ್ದದ್ದು ಹನ್ನೊಂದು ತಿಂಗಳ ರೋಗಿ. ವಾರ್ಡಿನ ಆ ಮನುಷ್ಯ ಗೋಡೆಯ ಕಡೆ ಯಾಕೆ ತಿರುಗಿದನೆಂದು ಅವಳಿಗೆ ಈಗ ತಿಳಿಯಿತು.

ಎರಡು ದಿನ ಜಾಡಿ ಕಪಾಟಿನಲ್ಲೇ ಕುಳಿತಿತ್ತು. ಮೂರನೇ ದಿನ ಭಟ್ಟಿಯವನನ್ನು ಕೇಳಿದಳು.

"ಉಣ್ಣೆ ಬಟ್ಟೆ. ಗಾಳಿಗೆ ಹಾಕಿದ್ರೆ ನೀಲಗಿರಿ ಎಷ್ಟು ದಿನ ನಿಲ್ಲುತ್ತೆ?"

"ಬಿಸಿಲು ಗಾಳಿ ಎರಡೂ ಇದ್ರೆ ನಾಲ್ಕೈದು ದಿನ. ಹಗುರ ಎಣ್ಣೆ ಅಲ್ವಾ, ಅದೇ ಮೊದಲು ಹಾರೋದು. ಆದ್ರೆ ಅಕ್ಕ, ಅದರ ಜೊತೆ ಇನ್ನೇನೇನು ಹೋಗುತ್ತೋ ನಾನು ಹೇಳಲಾರೆ. ಜಾಡೀಲೇ ಇದ್ರೆ ಇರೋದೆಲ್ಲ ಹಾಗೇ ಇರುತ್ತೆ."

ಇರುವುದೆಲ್ಲ ಹಾಗೇ ಇರುತ್ತದೆ, ಕೆಮ್ಮು ಸಮೇತ. ಗಾಳಿಗೆ ಹಾಕಿದರೆ ಬಹುಶಃ ಏನೂ ಉಳಿಯದೆ ಬರೀ ಉಣ್ಣೆ ಉಳಿಯಬಹುದು. ಒಮ್ಮೆ ಹಾರಿದ್ದನ್ನು ಯಾವ ಭಟ್ಟಿಯೂ ಮತ್ತೆ ಹಿಡಿದುಕೊಡುವುದಿಲ್ಲ. ಅವಳು ಒಂದು ಇಡೀ ಸಂಜೆ ಟೀ ಆರಿಸಿಕೊಂಡು ಕುಳಿತಳು. ಮರುದಿನ ಬೆಳಿಗ್ಗೆ ಸ್ವೆಟರನ್ನು ಮಹಡಿಯ ಮೇಲಿನ ತಂತಿಗೆ ತೋಳು ಚಾಚಿ ಹಾಕಿ, ನಾಲ್ಕು ಕ್ಲಿಪ್ಪು ಸಿಕ್ಕಿಸಿದಳು. ನಾದಿನಿಗೆ, "ನಾನು ಕೇಳಿದ್ರೂ ಐದು ದಿನ ಮುಟ್ಟಗೊಡಬೇಡ," ಎಂದಳು.

ಐದು ದಿನವೂ ಅವಳು ಕೆಲಸಕ್ಕೆ ಹೋಗುವಾಗ ಬೀದಿಯ ತಿರುವಿನಲ್ಲಿ ನಿಂತು ಹಿಂದಿರುಗಿ ನೋಡಿದಳು. ಮಹಡಿಯ ಮೇಲೆ ಬೂದಿ ಬಣ್ಣದ ಎರಡು ತೋಳು ಗಾಳಿಗೆ ಅಲುಗಾಡುತ್ತಿದ್ದವು. ಮೂರನೇ ದಿನ ಮೋಡ ಕವಿದಾಗ ನಾದಿನಿ ಓಡಿಹೋಗಿ ಒಳಗೆ ತಂದು, ಬಿಸಿಲು ಬಂದ ಮೇಲೆ ಮತ್ತೆ ಹಾಕಿದಳು.

ಐದನೇ ದಿನ ಸಂಜೆ ಇಬ್ಬರೂ ಮಹಡಿಗೆ ಹೋದರು. ಹನಿಯಕ್ಕ ಸ್ವೆಟರನ್ನು ಇಳಿಸಿಕೊಂಡು ಕಟ್ಟೆಯ ಮೇಲೆ ಕುಳಿತಳು. ಕೊರಳನ್ನು ಮೂಸಿದಳು: ಬಿಸಿಲು. ಎದೆ: ಉಣ್ಣೆ, ಬಿಸಿಲು. ಕಂಕುಳು: ಏನೂ ಇಲ್ಲ. ಬಲತೋಳಿನಲ್ಲೂ ಏನೂ ಇಲ್ಲ. ನಾದಿನಿ ಅವಳ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ ಎಡತೋಳು. ಅಂಚಿನ ಹತ್ತಿರ ಬರುತ್ತಿದ್ದಂತೆ ಅವಳು ನಿಂತುಬಿಟ್ಟಳು.

ಹೊಲಿಗೆ ಯಂತ್ರದ ಎಣ್ಣೆ. ತೆಳ್ಳಗೆ, ಲೋಹದ ತಂಪಿನ ವಾಸನೆ. ಕಾಯಿಲೆ ಬರುವ ಎಷ್ಟೋ ವರ್ಷ ಮುಂಚಿನಿಂದ ಒರೆಸಿ ಒರೆಸಿ ಉಣ್ಣೆಯ ಎಳೆಗಳೊಳಗೆ ಇಳಿದಿದ್ದದ್ದು. ಅದು ಭಾರದ ಎಣ್ಣೆ, ಎಲ್ಲಿಗೂ ಹೋಗಿರಲಿಲ್ಲ; ನೀಲಗಿರಿಯ ಅಡಿಯಲ್ಲಿ ಅಡಗಿತ್ತು, ಅಷ್ಟೇ. ಅದರ ಜೊತೆಗೇ ಕೆಳಗಿನ ಅಂಗಡಿ ಬಂತು, ಬಗ್ಗಿದ ಕತ್ತು ಬಂತು, ತುಟಿಗಳ ನಡುವಿನ ಸ್ಕ್ರೂ ಬಂತು. ಅವನು ತಿರುಗಿ ನೋಡಲಿಲ್ಲ, ಕೆಲಸದಲ್ಲಿದ್ದ. ಚೆನ್ನಾಗಿದ್ದ.

ಅವಳು ತೋಳನ್ನು ನಾದಿನಿಯ ಕಡೆ ಚಾಚಿದಳು. ನಾದಿನಿ ಮೂಸಿ ತುಟಿ ಕಚ್ಚಿಕೊಂಡಳು.

"ಅಣ್ಣ," ಎಂದಳು.

ಹನಿಯಕ್ಕ ಆ ಕಪ್ಪು ಅಂಚನ್ನು ಕೆನ್ನೆಗೆ ಒತ್ತಿಕೊಂಡು ಜೋರಾಗಿ ಅತ್ತಳು. ಅಳುತ್ತಲೇ ಬೈದಳು.

"ಚಿಂದಿ ಬಟ್ಟೆ ಪಕ್ಕದಲ್ಲೇ ಇತ್ತಲ್ರೀ. ಒಂದು ದಿನಾನಾದ್ರೂ ನನ್ನ ಮಾತು ಕೇಳಿದ್ರಾ ನೀವು?"